ಹೆಸರು ಕೇಳದ ವಿಗ್ಗಿನ ಅಂಗಡಿ

ಬಸ್ ನಿಲ್ದಾಣದಿಂದ ಎರಡು ಬೀದಿ ಈಚೆಗೆ, ಕನ್ನಡಕದ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಕಿರಿದಾದ ಮೆಟ್ಟಿಲಿದೆ. ಹತ್ತಿದರೆ ಕೂದಲಕ್ಕನ ಅಂಗಡಿ. ಬೋರ್ಡಿಲ್ಲ. ಬೋರ್ಡು ಹಾಕಿದರೆ ಹತ್ತುವವರೂ ಹತ್ತುವುದಿಲ್ಲ, ಏಕೆಂದರೆ ಅವಳು ಮಾಡುವುದು ವಿಗ್ಗು. ಕಿಟಕಿಯ ಪಕ್ಕ ಕೂತು, ಮರದ ತಲೆಯೊಂದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ತೆಳ್ಳನೆಯ ಬಲೆಯ ಟೋಪಿಗೆ ಕೊಕ್ಕೆಸೂಜಿಯಿಂದ ಕೂದಲು ಗಂಟು ಹಾಕುತ್ತಾ ಹೋಗುವುದು ಅವಳ ಕಸುಬು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ್ದು. ಆದರೆ ಸೂಜಿ ಕೈಗೆ ಕೊಡುವ ಮೊದಲು ಅತ್ತೆ ಇನ್ನೊಂದು ಪಾಠ ಹೇಳಿದ್ದಳು.

"ಯಾರೇ ಬರ್ಲಿ, ಹೆಸರು ಕೇಳ್ಬೇಡ. ಬೀದೀಲಿ ಸಿಕ್ರೆ ಗುರುತು ಹಿಡೀಬೇಡ. ಅವರಾಗೇ ನಕ್ರೂ ನೀನು ಆಕಾಶ ನೋಡ್ಕೊಂಡು ಹೋಗ್ತಿರು."

ಕೂದಲಕ್ಕ ಆ ಮಾತನ್ನು ಕೂದಲೂ ಕೊಂಕದಂತೆ ಪಾಲಿಸಿದಳು. ಬಂದವರಿಗೆಲ್ಲ ಅವಳೇ ಒಂದೊಂದು ಹೆಸರಿಟ್ಟು ಅದರಿಂದಲೇ ಕರೆದಳು. ಒಬ್ಬರು ಎಡಬೈತಲೆ, ಒಬ್ಬರು ಗುಂಗುರು. ಮಕ್ಕಳೆಲ್ಲ ಹೆದರುವ ಡ್ರಿಲ್ ಮೇಷ್ಟ್ರು ಅವಳ ಬಾಯಲ್ಲಿ ‘ಹಿಂದಕ್ಕೆ ಬಾಚಿದವರು’. ಸಂತೆಯಲ್ಲಿ ಎದುರಾದರೆ ಅವಳು ಆಕಾಶ ನೋಡುವಳು, ಮೇಷ್ಟ್ರು ನೆಲ ನೋಡುವರು. ಅದರಿಂದ ಅವಳಿಗೆ ಬೀದಿಯಲ್ಲಿ ಜಂಬಗಾತಿ ಎಂಬ ಹೆಸರೂ ಬಂತು. ಅವಳ ಗಂಡ ಹಿಂದೆ ಬಸ್ಸು ಓಡಿಸುತ್ತಿದ್ದವರು, ಈಗ ಕೂದಲು ತೊಳೆದು ಒಣಹಾಕಿ ಚಹಾ ಮಾಡಿಕೊಡುವವರು. ಅವರು ಆಗಾಗ ಹೇಳುತ್ತಿದ್ದರು: "ನಿನ್ನ ಜೊತೆ ಪೇಟೆಗೆ ಹೋದ್ರೆ ಏನೋ ಕದ್ದು ತಪ್ಪಿಸ್ಕೊಂಡು ಓಡಾಡೋರ ಥರ ಆಗುತ್ತೆ ಕಣೇ."

ಬರುವವರಲ್ಲಿ ಅವಳ ಜೀವಕ್ಕೆ ಅಂಟಿಕೊಂಡಿದ್ದವಳು ಪುಟ್ಟ ಜಡೆ. ಹೈಸ್ಕೂಲಿನ ಹುಡುಗಿ. ಏನು ಕಾಯಿಲೆಯೋ, ತಲೆಯ ಮೇಲೆ ಅಲ್ಲಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲು ಉದುರತೊಡಗಿತ್ತು. ತಾಯಿ ಕರೆತಂದ ದಿನ ಹುಡುಗಿ ಕನ್ನಡಿಯ ಕಡೆ ಕಣ್ಣೆತ್ತಲಿಲ್ಲ, ಶಾಲೆಗೂ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. ಕೂದಲಕ್ಕ ಒಂದು ಗಿಡ್ಡ ಜಡೆಯ ವಿಗ್ಗು ಕಟ್ಟಿಕೊಟ್ಟಳು. ಹುಡುಗಿ ಶಾಲೆಗೆ ಹೋದಳು, ಯಾರಿಗೂ ಗೊತ್ತಾಗಲಿಲ್ಲ. ಇರುವ ನಾಲ್ಕು ಕೂದಲನ್ನು ವಿಗ್ಗಿನ ಕ್ಲಿಪ್ಪು ಎಳೆಯಬಾರದಲ್ಲ, ಅದಕ್ಕೆ ಕ್ಲಿಪ್ಪಿನ ಜಾಗ ಗೊತ್ತುಮಾಡಲು ತಿಂಗಳಿಗೊಮ್ಮೆ ಬರಿದಲೆಯ ಚಿತ್ರಗಳನ್ನು ಅಂಗಡಿಯ ಫೋನಿಗೆ ಕಳಿಸಬೇಕು. ಆ ಚಿತ್ರಗಳನ್ನು ಕೂದಲಕ್ಕ ಗಂಡನಿಗೂ ತೋರಿಸಿದವಳಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಹೆಂಗಸಿನ ದನಿ, ಅಳು ಬೆರೆತದ್ದು.

"ಅಕ್ಕಾ, ನಾನು ನಿಮ್ಮ ಕಸ್ಟಮರು. ಗೊತ್ತಾಗ್ಲಿಲ್ವಾ?"

ಬೇರೆ ಯಾವ ಅಂಗಡಿಯಲ್ಲಾದರೂ ‘ಯಾರಮ್ಮಾ ನೀನು?’ ಎಂದು ಕೇಳುತ್ತಿದ್ದರು. ಕೂದಲಕ್ಕ, "ಹೆಸರು ಹೇಳ್ಬೇಡಿ ಕಣಮ್ಮ, ಅಳಬೇಡಿ. ಏನಾಗ್ಬೇಕು ಹೇಳಿ" ಎಂದಳು.

"ಹೊಸ ಫೋನಿಗೆ ನನ್ನ ನಂಬರ್ ಹಾಕೋ ಬದ್ಲು ನಿಮ್ಮದು ಹಾಕ್ಬಿಟ್ಟೆ. ಈಗ ನಿಮ್ಗೊಂದು ಮೆಸೇಜ್ ಬಂದಿರುತ್ತೆ, ಅದ್ರಲ್ಲಿರೋ ಅಂಕಿ ಹೇಳ್ಬಿಡಿ ಅಕ್ಕಾ. ಮನೇಲಿ ಗೊತ್ತಾದ್ರೆ ನನ್ನ ಕತೆ ಮುಗೀತು."

ಮನೆಯಲ್ಲಿ ಗೊತ್ತಾಗಬಾರದು ಎಂಬ ಮಾತಿಗೆ ಕೂದಲಕ್ಕನ ಕರುಳು ಕರಗದೆ ಇರುತ್ತದೆಯೇ? ಅಂಕಿ ಹೇಳಿದಳು. ಮತ್ತೆ ಸೂಜಿ ಹಿಡಿದಳು. ಸ್ವಲ್ಪ ಹೊತ್ತಿಗೆ ಫೋನು ನೋಡಿದರೆ ಮೆಸೇಜುಗಳೇ ತೆರೆಯಲೊಲ್ಲವು. ಈ ನಂಬರು ಬೇರೆ ಫೋನಿನಲ್ಲಿ ನಡೆಯುತ್ತಿದೆ ಎಂದು ತೋರಿಸುತ್ತಿತ್ತು.

ಕೆಳಗಿನ ಮೊಬೈಲ್ ಅಂಗಡಿಯವನು ಫೋನನ್ನು ತಿರುವಿ ಮುರುವಿ ನೋಡಿ ಹಣೆ ಚಚ್ಚಿಕೊಂಡ. "ಅಂಕಿ ಹೇಳಿದ್ರಾ? ಅಕ್ಕಾ, ಅಂಗಡಿ ಬೀಗದ ಕೈನೇ ಕೊಟ್ಬಿಟ್ರಲ್ಲ!"

ಕೂದಲಕ್ಕ ಅವನ ಕೈಯಿಂದ ಫೋನು ಕಿತ್ತುಕೊಂಡಳು. "ಅಯ್ಯೋ, ಆ ಮಗುವಿನ ಚಿತ್ರಗಳು?"

"ಹಳೇದೆಲ್ಲ ನಿಮ್ಮ ಫೋನಲ್ಲೇ ಇದೆ, ಅವ್ರಿಗೆ ಹೋಗಿಲ್ಲ. ಆದ್ರೆ ಇನ್ಮುಂದೆ ಯಾರು ಏನು ಕಳಿಸಿದ್ರೂ ನೇರ ಅವ್ರ ಕೈಗೇ. ನಿಮ್ಮ ಹೆಸರಲ್ಲಿ ಉತ್ತರಾನೂ ಕೊಡ್ತಾರೆ. ಮೆಸೇಜ್ ಖಾತೆ ವಾಪಸ್ ತಗೊಳಕ್ಕೆ ನಾಳೆವರೆಗೂ ಕಾಯಬೇಕು."

ಹಳೆಯದು ಹೋಗಿಲ್ಲ ಎಂಬ ಸಮಾಧಾನ ಮರುಕ್ಷಣವೇ ಹೊರಟುಹೋಯಿತು. ಸಂಜೆ ಶಾಲೆಯಿಂದ ಬಂದ ಮೇಲೆ ಈ ತಿಂಗಳ ಚಿತ್ರ ಕಳಿಸಿ ಎಂದು ಪುಟ್ಟ ಜಡೆಯ ತಾಯಿಗೆ ಬೆಳಿಗ್ಗೆ ತಾನೇ ಹೇಳಿದ್ದಳು. ಶಾಲೆ ಬಿಡುವ ಹೊತ್ತು ಆಗಿಹೋಗಿತ್ತು. ತಾಯಿಯ ನಂಬರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದರೂ ಅದೇ. ಮಿಕ್ಕವರಿಗೆಲ್ಲ ಫೋನು ಮಾಡಿ ಎಚ್ಚರಿಸುವ ಕೆಲಸವನ್ನು ಗಂಡನ ತಲೆಗೆ ಕಟ್ಟಿ, ಕೂದಲಕ್ಕ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಆ ತಾಯಿ ಅಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆಂಬುದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಅವಳ ಕೈಯಿಂದಲೇ ಟಿಕೆಟ್ಟು ತೆಗೆದುಕೊಂಡು, ಇಬ್ಬರೂ ಜನ್ಮದಲ್ಲಿ ಮುಖ ನೋಡಿರದವರಂತೆ ಇದ್ದದ್ದುಂಟು.

ಸಾಲು ಉದ್ದ ಇತ್ತು. ನುಗ್ಗಲು ಹೋದರೆ ಮುಂದಿದ್ದವನು, "ಏನಮ್ಮಾ, ಬಸ್ಸು ನಿಮ್ಮನೇದಾ?" ಎಂದು ಬೈದ. ಬೈಸಿಕೊಂಡೇ ನುಗ್ಗಿದಳು. ಗಾಜಿನ ತೂತಿನಾಚೆ ಆ ತಾಯಿ ತಲೆಯೆತ್ತದೆ, "ಎಲ್ಲಿಗೆ?" ಎಂದಳು.

"ಎಲ್ಲಿಗೂ ಬೇಡಮ್ಮ."

ತಾಯಿ ತಲೆಯೆತ್ತಿದಳು. ಬೀದಿಯಲ್ಲಿ ಎಂದೂ ಗುರುತು ಹಿಡಿಯದ ಕೂದಲಕ್ಕ ಇಲ್ಲಿ, ಇಷ್ಟು ಜನರೆದುರು, ತೂತಿಗೆ ಬಾಯಿಟ್ಟು ನಿಂತಿದ್ದಾಳೆಂದರೆ ಏನೋ ಆಗಿದೆ. ಅವಳ ಮುಖ ಬಿಳಿಚಿಕೊಂಡಿತು.

"ಇವತ್ತು ಕಳಿಸ್ತೀನಿ ಅಂದಿದ್ರಲ್ಲ, ಕಳಿಸ್ಬೇಡಿ. ಅಂಗಡಿ ಫೋನು ಕಳ್ಳರ ಕೈಲಿದೆ," ಎಂದು ಕೂದಲಕ್ಕ ಪಿಸುಗುಟ್ಟಿದಳು.

"ನನ್ನ ಫೋನ್ ಮನೇಲಿ ಮಗಳ ಹತ್ರ ಇದೆ ಅಕ್ಕಾ. ಅವಳೇ ಕಳಿಸ್ತೀನಿ ಅಂದಿದ್ಲು!"

ಆ ತಾಯಿ ಪಕ್ಕದ ಕೌಂಟರಿನವಳಿಗೆ ಏನೋ ಹೇಳಿ, ಬಾಗಿಲು ಹಾಕಿಕೊಂಡು ಹೊರಗೆ ಬಂದಳು. ಸಾಲಿನಲ್ಲಿದ್ದವರು ಕೂಗಾಡತೊಡಗಿದರು. ಇಬ್ಬರೂ ನಿಲ್ದಾಣದ ಹಿಂದಿನ ಓಣಿಯಲ್ಲಿ ಓಡಿದರು. ಕೂದಲಕ್ಕ ಮನಸ್ಸಿನಲ್ಲೇ ಆ ಚಿತ್ರ ಶಾಲೆಯ ಹುಡುಗರ ಫೋನಿನಿಂದ ಫೋನಿಗೆ ಹಾರುವುದನ್ನು ಕಂಡಳು, ಹುಡುಗಿ ಮತ್ತೆ ಮೂಲೆ ಹಿಡಿದು ಕೂತದ್ದನ್ನು ಕಂಡಳು. 

ಮನೆಯ ಬಾಗಿಲು ತೆರೆದೇ ಇತ್ತು. ಪುಟ್ಟ ಜಡೆ ನೆಲದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ವಿಗ್ಗು ಬೋರಲು ಹಾಕಿದ ಪಾತ್ರೆಯ ಮೇಲೆ ಆರಾಮಾಗಿ ಕೂತಿತ್ತು.

"ಚಿತ್ರ ಕಳಿಸ್ದೇನೇ?" ತಾಯಿ ಚೀರಿದಳು.

"ಇಲ್ಲಮ್ಮ. ಯಾಕೆ ಇಬ್ರೂ ಹೀಗೆ ಏದುಸಿರು ಬಿಡ್ತಿದ್ದೀರ?"

ಕೂದಲಕ್ಕ ಹೊಸ್ತಿಲ ಮೇಲೆಯೇ ಕುಸಿದು ಕೂತಳು.

"ಕಳಿಸಲಾ ದೊಡ್ಡಮ್ಮ ಅಂತ ಕೇಳ್ದೆ," ಎಂದಳು ಹುಡುಗಿ. "‘ಎಸ್ ಮೇಡಂ, ಮುಖ ಕಾಣೋ ಹಾಗೆ ಕಳಿಸಿ’ ಅಂತ ಬಂತು. ನೀವು ಯಾವತ್ತು ನನ್ನ ಮೇಡಂ ಅಂದಿದ್ದೀರ? ಮುಖ ಬೇಡ, ತಲೆ ಸಾಕು ಅಂತ ಯಾವಾಗ್ಲೂ ಅಂತಿದ್ರಿ. ಅನುಮಾನ ಬಂತು. ನೀವು ನನ್ನ ಏನಂತ ಕರೀತೀರ ಹೇಳಿ ಅಂತ ಕೇಳ್ದೆ. ‘ಗೌರವಾನ್ವಿತ ಗ್ರಾಹಕರೇ’ ಅಂತ ಬಂತು!"

"ಆಮೇಲೆ?"

"ಅಡುಗೆಮನೇಲಿ ತೆಂಗಿನಕಾಯಿ ಇತ್ತಲ್ಲ, ಜುಟ್ಟಿರೋದು. ಅದರ ಚಿತ್ರ ಕಳಿಸ್ದೆ. ‘ಥ್ಯಾಂಕ್ಯೂ ಮೇಡಂ’ ಅಂದ್ರು. ಫೋನ್ ಆಫ್ ಮಾಡಿ ಓದಕ್ಕೆ ಕೂತೆ."

ಹೋದ ಜೀವ ಬಂದಂತಾಯಿತು ಕೂದಲಕ್ಕನಿಗೆ. ಮೊದಲು ತಾಯಿ ನಕ್ಕಳು, ಆಮೇಲೆ ಕೂದಲಕ್ಕ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಬಂದದ್ದಕ್ಕೆ ಸುಮ್ಮನೆ ಹೋಗುವುದೇಕೆಂದು ಹುಡುಗಿಯ ತಲೆಯನ್ನು ಮಡಿಲಿಗೆಳೆದುಕೊಂಡು, ಚಿತ್ರದ ಹಂಗಿಲ್ಲದೆ ಬೆರಳಿನಲ್ಲೇ ಸವರಿ ನೋಡಿ ಕ್ಲಿಪ್ಪು ಎಲ್ಲಿ ಬರಬೇಕೆಂದು ಗೊತ್ತುಮಾಡಿದಳು. ತಾಯಿ ಚಹಾಕ್ಕೆ ನೀರಿಟ್ಟಳು. ಟಿಕೆಟ್ಟಿಗೆ ನಿಂತವರ ನೆನಪಾದದ್ದು ಚಹಾ ಕುಡಿದ ಮೇಲೆಯೇ.

ಅಂಗಡಿಗೆ ಬಂದರೆ ಗಂಡ ಫೋನು ಕೆಳಗಿಡುತ್ತಿದ್ದರು.

"ಎಲ್ರಿಗೂ ಹೇಳಿದ್ದಾಯ್ತು ಕಣೇ. ನಿನ್ನ ಹಿಂದಕ್ಕೆ ಬಾಚಿದವರು ಏನಂದ್ರು ಗೊತ್ತಾ? ‘ನನ್ನ ಗುಟ್ಟು ಹೊಸದಾಗಿ ಯಾರು ಕದೀತಾರ್ರೀ? ಓಟದ ಪಂದ್ಯದ ದಿನ ವಿಗ್ಗು ಗಾಳಿಗೆ ಹಾರಿಹೋಗಿತ್ತು. ಹುಡುಗ್ರೇ ಹುಡುಕಿ ತಂದ್ಕೊಟ್ರು’ ಅಂದ್ರು."

"ಮತ್ತೆ ಇಷ್ಟು ದಿನ ನಾನು ಆಕಾಶ ನೋಡಿ ನೋಡಿ ಕತ್ತು ನೋಯಿಸ್ಕೊಂಡಿದ್ದು?"

"ಅದನ್ನ ಅವ್ರನ್ನೇ ಕೇಳು."

ಮರುದಿನ ಮೊಬೈಲ್ ಅಂಗಡಿಯವನು ಖಾತೆಯನ್ನು ವಾಪಸ್ಸು ಪಡೆದು, ಇನ್ನು ಮುಂದೆ ಯಾರೂ ಹಾಗೆ ನುಗ್ಗದಂತೆ ಒಂದು ಗುಟ್ಟಿನ ಅಂಕಿಯನ್ನೂ ಹಾಕಿಸಿದ. ಅದನ್ನು ತನಗೂ ಹೇಳಬೇಡಿ ಎಂದ. ಹೆಸರು ಕೇಳದ ಪದ್ಧತಿಯನ್ನು ಕೂದಲಕ್ಕ ಬಿಡಲಿಲ್ಲ. ಆದರೆ ಈಗ ಯಾರು ಫೋನು ಮಾಡಿದರೂ ಮೊದಲು ಕೇಳುವುದು ಒಂದೇ: "ಹೆಸರು ಬೇಡ ಕಣಮ್ಮ. ನಾನು ನಿಮ್ಮನ್ನ ಏನಂತ ಕರೀತೀನಿ, ಅದನ್ನ ಹೇಳಿ." ಎಡಬೈತಲೆ ಎಂದರೆ ಮಾತು ಮುಂದುವರಿಯುತ್ತದೆ. ತಡವರಿಸಿದರೆ ಫೋನು ಕೆಳಗೆ.

ಒಂದು ದಿನ ಗಂಡ ಪೇಟೆಯಿಂದ ಬೇರೆ ಯಾರದೋ ಫೋನಿನಲ್ಲಿ ಮಾತಾಡಿದರು. "ಸೋಪು ಯಾವುದು ತರ್ಲೇ?"

"ನಾನು ನಿಮ್ಮನ್ನ ಏನಂತ ಕರೀತೀನಿ ಹೇಳಿ."

"ಅಯ್ಯೋ ಮಾರಾಯ್ತಿ! ‘ರೀ’ ಅಂತೀಯ."

"ಅದು ಊರಿಗೆಲ್ಲ ಗೊತ್ತು. ಬೇರೆ ಹೇಳಿ."

 ಅವರು ದನಿ ತಗ್ಗಿಸಿ ಏನೋ ಹೇಳಿದರು. ಕೂದಲಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕು, "ಹಾಂ, ಬಟ್ಟೆ ಸೋಪು ಬೇಡ, ಕೂದಲಿಗೆ ಹಾಕೋದು ತನ್ನಿ," ಎಂದಳು.