ಕ್ಯಾಲೆಂಡರಿಗೆ ಹಚ್ಚಿದ ಕುಂಕುಮ

ನರ್ಸಬಾಯಿಯ ತಾಳಿಯಲ್ಲಿ ಕರಿಮಣಿಗಿಂತ ಸೇಫ್ಟಿ ಪಿನ್ನುಗಳೇ ಹೆಚ್ಚು. ನಡೆದರೆ ಝಣಝಣ. ಗುರುವಾರ ತಾಂಬಾ ಕಡೆಯ ಬಸ್ಸಿಳಿದು, ಲಸಿಕೆಯ ಡಬ್ಬಿ ಹೆಗಲಿಗೇರಿಸಿ ಅವರು ನಮ್ಮ ಓಣಿಗೆ ತಿರುಗುವ ಮೊದಲೇ ಆ ಸದ್ದು ಬಂದುಬಿಡುತ್ತಿತ್ತು. ಸದ್ದು ಕೇಳಿ ಹೆಂಗಸರು ಕಟ್ಟೆಗೆ ಬರುತ್ತಿದ್ದರು, ಗಂಡಸರು ಹೊಲಕ್ಕೆ ಹೋಗುತ್ತಿದ್ದರು. ಹೊಲದಲ್ಲಿ ಕೆಲಸವಿಲ್ಲದವರೂ.

ಕಾರಣವಿತ್ತು. ನಾವು ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟುವ ಮಾತನ್ನು ಅವರು, ಇವತ್ತೇನು ಪಲ್ಯ ಎಂದು ಕೇಳುವ ಧಾಟಿಯಲ್ಲಿ ಕೂಗಿ ಕೇಳುತ್ತಿದ್ದರು. ಒಮ್ಮೆ ಅವರ ಕಿವಿಯಲ್ಲಿ ಹೇಳಿದೆ: “ಬಿಳಿ ಹೋಗಾಕತ್ತೈತ್ರಿ.” ಬಿಳಿ ಹೋದರೆ ಎಲುಬು ಕರಗುತ್ತದೆ ಎಂದು ನಮ್ಮತ್ತೆ ಹೆದರಿಸಿಟ್ಟಿದ್ದರು.

“ಹೆಂಗಿರ್ತೈತಿ? ತತ್ತಿಯಾಗಿನ ಬಿಳಿ ಲೋಳಿ ಇರ್ತೈತಲ್ಲ, ಹಂಗೋ?” ಓಣಿಗೆಲ್ಲ ಕೇಳಿಸಿತು.

“ಶಿವ ಶಿವಾ! ನಾವು ತತ್ತಿ ಮುಟ್ಟೂದಿಲ್ರಿ.”

“ಬೆಂಡಿಕಾಯಿ ಮುಟ್ತೀರಿಲ್ಲೋ? ಅದರ ಲೋಳಿಯಂಗೋ?”

“ಹೌದ್ರಿ.”

“ವಾಸನಿ, ತುರಿಕಿ ಏನರ ಐತೇನು?”

“ಇಲ್ರಿ.”

“ಹಂಗಾರ ನಿಮ್ಮ ಎಲುಬು ಎಲ್ಲೂ ಹೋಗಿಲ್ಲ. ತಿಂಗಳ ನಡುವ ಅದು ಬರೂದ. ಒಡದ ಮೊಸರಿನಂಗ ಬಂದು ತುರಿಸಿದ್ರ, ಇಲ್ಲಾ ಹಸರು ಹಳದಿ ಆಗಿ ನಾತ ಹೊಡದ್ರ, ಸುಮ್ಮ ಕುಂದರಬ್ಯಾಡ್ರಿ, ನನ್ನ ಹಿಂದ ದವಾಖಾನಿಗೆ ಬರ್ರಿ.”

ಆ ವಾರ ನಮ್ಮ ಓಣಿಯಲ್ಲಿ ಯಾರೂ ಬೆಂಡೆಕಾಯಿ ಪಲ್ಯ ಮಾಡಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಮಗಳನ್ನು ಸಿಂದಗಿಗೆ ಕೊಡುವುದೆಂದು ನಿಶ್ಚಯವಾಯಿತು. ಆಗಲೇ ನನ್ನ ಮುಟ್ಟು ಎರಡು ತಿಂಗಳು ನಾಪತ್ತೆ. ನನಗೆ ನಲವತ್ತೈದು. ಮದುಮಗಳ ಪಕ್ಕದಲ್ಲಿ ತಾಯಿಯೇ ಹೊಟ್ಟೆ ಹೊತ್ತು ನಿಂತರೆ ಬೀಗರು ಏನಂದಾರು! ಗಂಡನ ಮುಖ ಕಂಡರೆ ಮೈ ಉರಿಯುತ್ತಿತ್ತು. ನರ್ಸಬಾಯಿ ಇಂಡಿಯ ದವಾಖಾನೆಗೆ ಕರೆದುಕೊಂಡು ಹೋಗಿ ಉಚ್ಚೆ ಪರೀಕ್ಷೆ ಮಾಡಿಸಿದರು.

“ತೊಟ್ಟಿಲಾ ಅಟ್ಟದ ಮ್ಯಾಲ ಇರಲಿ,” ಎಂದು ನಕ್ಕರು. “ಮುಟ್ಟು ನಿಲ್ಲೂ ವಯಸ್ಸು ಬಂತು. ನಿಲ್ಲೂ ಮುಂದ ಹಿಂಗ, ಒಂದು ತಿಂಗಳು ಬರ್ತೈತಿ, ಎರಡು ತಿಂಗಳು ಬಿಡ್ತೈತಿ. ಕ್ಯಾಲೆಂಡರಿನ್ಯಾಗ ಗುರ್ತು ಮಾಡ್ಕೋರಿ.”

“ಪೆನ್ನು ಅವರ ಕಿಸೇದಾಗ ಇರ್ತೈತ್ರಿ.”

“ಕುಂಕುಮ ಐತಿ, ಎಲಿ ಅಡಿಕಿ ಸುಣ್ಣ ಐತಿ. ಕೆಂಪು ಕಂಡ್ರ ಕುಂಕುಮ, ಬಿಳಿ ಕಂಡ್ರ ಸುಣ್ಣ. ಪೆನ್ನು ಯಾಕ ಬೇಕು?”

ಹಾಗೇ ಹಚ್ಚಿದೆ. ಒಂದು ದಿನ ಅತ್ತೆಯ ಕಣ್ಣಿಗೆ ಬಿತ್ತು. ಗೋಡೆಯ ಮೇಲೆ ಕುಂಕುಮ, ಸುಣ್ಣ, ಅದೂ ಮೊಮ್ಮಗಳ ಲಗ್ನಕ್ಕೆ ಎರಡು ತಿಂಗಳಿರುವಾಗ!

“ಮಾಟ! ಯಾರೋ ಹೊಟ್ಟಿಕಿಚ್ಚಿಗೆ ಮಾಟ ಮಾಡ್ಯಾರ! ಲಗ್ನ ನಿಲ್ಲಸ್ರಿ!”

ಕ್ಯಾಲೆಂಡರ್ ಹಿಡಿದು ಎಳೆದರು, ಹಾಳೆ ಅರ್ಧ ಹರಿಯಿತು. ಮಾವನ ಎದುರಿಗೆ ನಾನು ಬಾಯಿ ಬಿಡುವುದಾದರೂ ಹೇಗೆ? ಗುರುವಾರ ಮಾಟ ತೆಗೆಯುವವನು ಬಂದ. ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ಇನ್ನೊಂದರ ಬೆರಳನ್ನು ಒಂದೊಂದೇ ಚುಕ್ಕಿಯ ಮೇಲಿಟ್ಟು ಮಂತ್ರ ಶುರು ಮಾಡಿದ. ಅಷ್ಟರಲ್ಲಿ ಝಣಝಣ.

ನರ್ಸಬಾಯಿ ಒಳಗೆ ಬಂದು ಒಮ್ಮೆ ನೋಡಿದರು.

“ಏ ಯಪ್ಪಾ, ಬೆರಳ ತಗಿ. ಅದು ಈಕಿ ಮುಟ್ಟು!”

ಅವನು ಕೆಂಡ ತುಳಿದವನಂತೆ ಹಾರಿದ. ನಿಂಬೆಹಣ್ಣು ಮಾವನ ಕಾಲಬುಡಕ್ಕೆ ಉರುಳಿತು. ಮಾವ ಚಪ್ಪಲಿ ಹುಡುಕದೆ ಹಿತ್ತಲ ಬಾಗಿಲಿಂದ ಹೊಲಕ್ಕೆ ನಡೆದರು.

ನರ್ಸಬಾಯಿ ತಾಳಿಯಿಂದ ಒಂದು ಪಿನ್ನು ಬಿಚ್ಚಿ ಹರಿದ ಹಾಳೆಯನ್ನು ಸೇರಿಸಿದರು. ಕೆಂಪು ಯಾಕೆ, ಬಿಳಿ ಯಾಕೆ, ಯಾವಾಗ ಹೆದರಬೇಕು ಎಂದು ಅತ್ತೆಗೂ ಬಿಡಿಸಿ ಹೇಳಿದರು. ಅತ್ತೆ ಕೇಳಿದರು. ಬೈಯಲಿಲ್ಲ. ನನಗೆ ಅದೇ ವಿಚಿತ್ರವೆನಿಸಿತು.

ಮುಂದಿನ ಗುರುವಾರ ನರ್ಸಬಾಯಿ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟರು.

“ಸೋಮವಾರದ ಕುಂಕುಮ ನೀವು ಹಚ್ಚೀರೇನು?”

“ನಂದಲ್ರಿ ಅದು.”

ನನ್ನ ಚುಕ್ಕಿಗಳು ಸಾಸಿವೆಯಷ್ಟು. ಇದು ಹೆಬ್ಬೆರಳಿನ ಅಗಲದ ಬೊಟ್ಟು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅವರ ಮುಟ್ಟು ನಿಂತು ಹದಿನೈದು ವರ್ಷವಾಗಿತ್ತು.

ನರ್ಸಬಾಯಿ ಪಿಸುಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅತ್ತೆಯ ಕೈ ಹಿಡಿದು ಹೇಳಿದರು: “ನಿಂತ ಮ್ಯಾಲ ಕೆಂಪು ಕಂಡ್ರ ಒಂದು ಹನಿನೂ ಬಿಡಬಾರದವ್ವಾ. ಹೇಳಿದ್ದು ಚೊಲೋ ಆತು. ನಾಳಿ ಬಿಜಾಪುರಕ್ಕ ಹೋಗೂಣು.”

ಗರ್ಭಚೀಲದಲ್ಲಿ ಗಡ್ಡೆಯಿತ್ತು. ಇನ್ನೂ ಸಣ್ಣದು. ತೆಗೆದರು. ಲಗ್ನ ಹೇಳಿದ ದಿನಕ್ಕೇ ಆಯಿತು, ಅತ್ತೆ ಕುರ್ಚಿಯಲ್ಲಿ ಕೂತು ಬೀಗರ ಸೀರೆಯಲ್ಲಿ ತಪ್ಪು ಹುಡುಕಿದರು.

ನರ್ಸಬಾಯಿ ರಿಟೈರಾಗಿ ಬಸವನ ಬಾಗೇವಾಡಿಗೆ ಹೋದರು. ಅವರು ತೀರಿಕೊಂಡ ಸುದ್ದಿ ಮೊನ್ನೆ ಫೋನಿಗೆ ಬಂತು. ಅವರ ಮಗಳಿಗೆ ನಾಲ್ಕು ಸಾಲು ಒತ್ತುವುದಕ್ಕೆ ನನಗೆ ಒಂದು ತಾಸು ಹಿಡಿಯಿತು, ಹೊಸದಾಗಿ ಕಲಿತ ಕೈ. ಅಂದಿನ ಪಿನ್ನು ನನ್ನ ತಾಳಿಯಲ್ಲಿದೆ ಎಂದು ಬರೆದೆ. ಇನ್ನೊಂದು ಮಾತು ಬರೆಯಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ.

ನಮ್ಮತ್ತೆ ಆಮೇಲೆ ಹನ್ನೆರಡು ವರ್ಷ ಬದುಕಿದರು. ಹನ್ನೆರಡೂ ವರ್ಷ ದಿನಾಲೂ ನನ್ನನ್ನು ಬೈದರು. ಆ ಬೈಗುಳವಷ್ಟೂ ನರ್ಸಬಾಯಿ ನನಗೆ ಕೊಟ್ಟು ಹೋದದ್ದು.