ಮೊದಲೇ ಬರೆದಿಟ್ಟ ಗೆಲುವು

ರಬಾಳೆ ತಂಡದವರು ಗೆಲ್ಲುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದವರು ನನ್ನ ಸೋದರಮಾವ. ಮುಂಬಯಿ ಹತ್ತಿರದ ಡೊಂಬಿವಲಿಯ ತಮ್ಮ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳಿದ್ದರು.

"ಕ್ಯಾಂಟೀನಿನವರಿಗೆ ಹಾಕಿ ಎಂತದು ಮಾರಾಯ? ಸ್ಟಿಕ್ಕಿನಲ್ಲಿ ಸಾಂಬಾರು ಕಲಕಿಯಾರು."

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾನು ಡಿಗ್ರಿ ಮುಗಿಸುವುದೂ ಸಾಧ್ಯವಿಲ್ಲ ಎಂದು ಇದೇ ಮಾವ ಅದೇ ಜಾಗದಲ್ಲಿ ಕೂತು ಹೇಳಿದ್ದರು. ಅದು ನೆನಪಿದ್ದೂ ನಕ್ಕೆ.

ನನ್ನ ತಂದೆ ಆ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದರು. ನಾನು ಅಲ್ಲೇ ಟೇಬಲ್ ಒರೆಸಿಕೊಂಡು ಕಾಲೇಜು ಮಾಡಿದವನು. ಮಧ್ಯಾಹ್ನದ ಊಟದವರು ಎದ್ದು ಹೋಗಿ ಸಂಜೆಯ ತಿಂಡಿಯವರು ಬರುವವರೆಗೆ ಹೋಟೆಲಿನವರಿಗೆ ಒಂದೂವರೆ ಗಂಟೆ ಬಿಡುವು ಸಿಗುತ್ತದೆ. ಮೂರರಿಂದ ನಾಲ್ಕೂವರೆ. ಉಳಿದವರು ಆಗ ಅಡ್ಡಾಗುತ್ತಿದ್ದರು, ನಾನು ಈರುಳ್ಳಿ ಮೂಟೆಯ ಮೇಲೆ ಕೂತು ಓದುತ್ತಿದ್ದೆ. ಒಂದು ವಿಷಯದಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಬಾಗಿಲ ಮೇಲಿನ ಹೆಸರಿನ ಪಕ್ಕದಲ್ಲಿ ಬಿ.ಎ. ಎಂದು ಬರೆಸಿದ್ದೇನೆ. ಅದರಲ್ಲಿ ನನಗೆ ನಾಚಿಕೆಯೇನಿಲ್ಲ.

ಪದವಿ ಸಿಕ್ಕ ಮೇಲೆ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಾವ ನನ್ನನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸತೊಡಗಿದರು. ಸಂಘದ ಅಧ್ಯಕ್ಷರು ಅವರೇ, ಎಳವೆಯಲ್ಲಿ ಹಾಕಿ ಆಡಿದವರು. ಆದ್ದರಿಂದ ನಮ್ಮ ಸಂಘದಲ್ಲಿ ಕ್ರಿಕೆಟ್ಟಿಲ್ಲ, ವರ್ಷಕ್ಕೊಮ್ಮೆ ಏಳು ಜನರ ಹಾಕಿ. ಡೊಂಬಿವಲಿ ತಂಡದಲ್ಲಿ ಹೋಟೆಲ್ ಧಣಿಗಳ ಮಕ್ಕಳು, ಪ್ರತಿ ವರ್ಷ ಕಪ್ ಅವರದೇ. ರಬಾಳೆ ತಂಡದಲ್ಲಿ ಕಾರ್ಖಾನೆ ಕ್ಯಾಂಟೀನುಗಳ ಅಡುಗೆಯವರು, ಸಪ್ಲಾಯರುಗಳು. ನಾನು ಡೊಂಬಿವಲಿಯ ಅಭಿಮಾನಿ. ಅವರು ಗೆಲ್ಲುವವರೆಗೆ ನಾನೂ ಧಣಿಗಳ ಸಾಲಿನವನು, ಸೋತರೆ ಮತ್ತೆ ರುಬ್ಬುವವನ ಮಗ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಸಂಘದ ಸರ್ಟಿಫಿಕೇಟುಗಳನ್ನು ಬರೆಯುವ ಕೆಲಸ ನನ್ನದು. ಇಲ್ಲಿ ಹುಟ್ಟಿದವರಿಗೆ ಕನ್ನಡ ಬರೆಯಲು ಬರುವುದಿಲ್ಲ, ಸಂಘಕ್ಕೆ ಕನ್ನಡವೇ ಆಗಬೇಕು. ಮುಖ್ಯ ಅತಿಥಿಗೆ ಯಾವಾಗಲೂ ಲೋಕಲ್ ಟ್ರೇನ್ ಹಿಡಿಯುವ ಗಡಿಬಿಡಿ. ಆದ್ದರಿಂದ ಫೈನಲಿನ ಹಿಂದಿನ ದಿನವೇ, ಗೆದ್ದವರ ಹೆಸರನ್ನೂ ಸೇರಿಸಿ, ಬರೆದಿಡುವುದು ನಮ್ಮ ರೂಢಿ. ಆ ವರ್ಷ ಫೈನಲಿಗೆ ರಬಾಳೆ ಬಂದಿತ್ತು. ಒಂದು ಹಾಳೆಯಲ್ಲಿ 'ಪ್ರಥಮ, ಡೊಂಬಿವಲಿ' ಎಂದು ಬರೆದೆ. ಇನ್ನೊಂದರಲ್ಲಿ 'ದ್ವಿತೀಯ, ರಬಾಳೆ'. ಮೂರನೆಯದು ಉತ್ತಮ ಪ್ರೋತ್ಸಾಹಕನಿಗೆ. ಅದು ನಿನಗೇ ಎಂದು ಮಾವ ಹೇಳಿಯಾಗಿತ್ತು. ನನ್ನ ಹೆಸರನ್ನು ನಾನೇ ಬರೆದುಕೊಳ್ಳಲು ಮುಜುಗರವಾಗಿ ಇಡೀ ಹಾಳೆಯನ್ನೇ ಖಾಲಿ ಬಿಟ್ಟಿದ್ದೆ.

ಆಟ ನಡೆದದ್ದು ಘಣಸೋಲಿಯ ಮೈದಾನದಲ್ಲಿ, ಒಂದು ಭಾನುವಾರ. ರಬಾಳೆಯ ಗೋಲ್‌ಕೀಪರ್ ಮಹಾಪೆಯ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುವವನು. ಮೂವತ್ತು ದಾಟಿದವನು, ಮೊಣಕೈವರೆಗೂ ಸುಟ್ಟ ಕಲೆ. ಹಾಕಿಯ ಪ್ಯಾಡ್ ಇಲ್ಲದೆ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಂತಿದ್ದ. ನಾನು ಹೋಗಿ ಅವನ ಗೋಲಿನ ಹಿಂದೆಯೇ ನಿಂತೆ.

"ಏ ದೋಸೆ, ಇಲ್ಲಿ ಎಂತ ಕಾಯ್ತೀ? ಅಲ್ಲಿ ಕಾವಲಿಯಲ್ಲಿ ಕರಟಿ ಹೋಯ್ತು."

ನಮ್ಮವರು ನಕ್ಕರು. ನಕ್ಕಷ್ಟೂ ನನ್ನ ಗಂಟಲು ಏರಿತು. ಒಮ್ಮೆ ಮಾತ್ರ ಅವನು ತಿರುಗಿ ನೋಡಿದ.

"ಸಾರ್, ನಿಮ್ಮ ಅಪ್ಪ ರುಬ್ಬಿದ ಹಿಟ್ಟಿನಲ್ಲೇ ನಾನು ದೋಸೆ ಹೊಯ್ಲಿಕ್ಕೆ ಕಲ್ತದ್ದು."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. "ಬಾಲ್ ನೋಡು, ವಂಶಾವಳಿ ಆಮೇಲೆ" ಎಂದೆ. ಮತ್ತೆ ನಗು. ಅಷ್ಟರಲ್ಲಿ ಡೊಂಬಿವಲಿ ಒಂದು ಗೋಲು ಹೊಡೆಯಿತು.

ಎರಡನೆಯ ಅರ್ಧದಲ್ಲಿ ಧಣಿಗಳ ಮಕ್ಕಳು ಸೊಂಟಕ್ಕೆ ಕೈ ಕೊಟ್ಟು ನಿಲ್ಲತೊಡಗಿದರು. ರಬಾಳೆಯವರು ನಿಲ್ಲಲಿಲ್ಲ. ಒಬ್ಬರನ್ನೊಬ್ಬರು ಕೂಗಿ ಕರೆಯದೆ, ಊಟದ ರಶ್ಶಿನಲ್ಲಿ ತಟ್ಟೆ ದಾಟಿಸುವ ಹಾಗೆ ಚೆಂಡು ದಾಟಿಸಿದರು. ಒಂದು ಗೋಲು, ಸ್ವಲ್ಪ ಹೊತ್ತಿಗೆ ಇನ್ನೊಂದು. ಕೊನೆಯಲ್ಲಿ ನಮಗೊಂದು ಪೆನಾಲ್ಟಿ ಸಿಕ್ಕಿತು. ದೋಸೆಯವನು ಅಲುಗದೆ ನಿಂತಿದ್ದ. ಆ ನೋಟ ನನಗೆ ಗೊತ್ತು. ಕಾವಲಿಯ ಮೇಲಿನ ಎಂಟು ದೋಸೆಗಳಲ್ಲಿ ಯಾವುದರ ಅಂಚು ಮೊದಲು ಏಳುತ್ತದೆ ಎಂದು ಕಾಯುವ ನೋಟ ಅದು. ಚೆಂಡು ಅವನ ಎಡಗಾಲಿಗೆ ಬಡಿದು ಹೊರಗೆ ಹೋಯಿತು. ಚಪ್ಪಾಳೆ ತಟ್ಟಲು ಎದ್ದ ಕೈಗಳನ್ನು ಕಿಸೆಗೆ ಹಾಕಿಕೊಂಡೆ.

"ಇವರು ಪ್ರಾಕ್ಟೀಸ್ ಯಾವಾಗ ಮಾಡುದು?" ಮಾವ ಯಾರನ್ನೆಂದಿಲ್ಲದೆ ಕೇಳಿದರು.

ರಬಾಳೆ ಕಡೆಯ ಮುದುಕರೊಬ್ಬರು ಉತ್ತರ ಕೊಟ್ಟರು: "ಮೂರರಿಂದ ನಾಲ್ಕೂವರೆ. ಮತ್ತೆ ಟೈಮೆಲ್ಲಿ ಉಂಟು ಸೇಟ್?"

ಈರುಳ್ಳಿ ಮೂಟೆಯ ಮೇಲೆ ನಾನು ಕಳೆದ ಹೊತ್ತು. ಅದನ್ನು ನನ್ನೊಬ್ಬನದೇ ಎಂದುಕೊಂಡಿದ್ದೆ.

ಮುಖ್ಯ ಅತಿಥಿ ರಬಾಳೆಗೆ ಕಪ್ ಕೊಟ್ಟು ಸ್ಟೇಷನ್ನಿಗೆ ಓಡಿದರು. ಮೇಜಿನ ಮೇಲೆ ನನ್ನ ಕೈಬರಹ ತಪ್ಪು ಫಲಿತಾಂಶ ಹೊತ್ತು ಬಿದ್ದಿತ್ತು. ಮಾವ ಕಿವಿಯ ಹತ್ತಿರ ಬಂದರು. "ಸರ್ಟಿಫಿಕೇಟ್ ಆಮೇಲೆ ಕಳಿಸುವ ಅಂತ ಹೇಳಿ ಬಿಡು."

ಮಾವನ 'ಆಮೇಲೆ' ನನಗೆ ಗೊತ್ತು. ತಂದೆ ಕೆಲಸ ಬಿಡುವಾಗ ಅನುಭವದ ಪತ್ರ ಕೇಳಿದ್ದರು. ಅದೂ ಆಮೇಲೆಯೇ ಆಗಿತ್ತು. ತಂದೆ ತೀರಿಕೊಂಡರು, ಪತ್ರ ಬರಲಿಲ್ಲ.

ನನಗೆಂದು ಖಾಲಿ ಬಿಟ್ಟಿದ್ದ ಹಾಳೆ ಎಳೆದುಕೊಂಡು 'ಪ್ರಥಮ, ರಬಾಳೆ' ಎಂದು ಬರೆದೆ. ದೊಡ್ಡ ಮನಸ್ಸಿನಿಂದೇನೂ ಅಲ್ಲ. ಬರೆಯುವಾಗ ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ಅಕ್ಷರ ಕೆಡಿಸಲಿಲ್ಲ.

ದೋಸೆಯವನು ಪ್ಯಾಡ್ ಬಿಚ್ಚದೆ ವೇದಿಕೆ ಹತ್ತಿದ. ಕೊಟ್ಟೆ. ಹಾಳೆಯನ್ನು ಹಿಂದೆ ಮುಂದೆ ನೋಡಿ, ನನ್ನ ಮುಂದೆಯೇ ಹಿಡಿದ.

"ನಾನು ಮರಾಠಿ ಶಾಲೆ ಸಾರ್. ಕನ್ನಡ ಓದ್ಲಿಕ್ಕೆ ಬರುದಿಲ್ಲ. ಮೈಕಿನಲ್ಲಿ ನೀವೇ ಓದಿ. ಗೋಲಿನ ಹಿಂದೆ ನಿಮ್ಮ ಧ್ವನಿ ಒಳ್ಳೆದಿತ್ತು."

ಓದಿದೆ. ರಬಾಳೆಯವರು ಇನ್ನೊಮ್ಮೆ ಓದಿ ಎಂದರು. ಇನ್ನೊಮ್ಮೆ ಓದಿದೆ.

ಕೆಳಗಿಳಿದಾಗ ನನ್ನ ಕುರ್ಚಿಯ ಮೇಲೆ ಮಾವ ತಮ್ಮ ಚೀಲ ಇಟ್ಟಿದ್ದರು. ಅದನ್ನು ತೆಗೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಅಷ್ಟು ಕಷ್ಟಪಟ್ಟು ಓದಿದ್ದು ಇದೊಂದಕ್ಕೆ ಉಪಯೋಗವಾಯ್ತು ನೋಡು. ಬೇರೆಯವರು ಗೆದ್ದದ್ದನ್ನು ಓದಿ ಹೇಳ್ಲಿಕ್ಕೆ."