ಎದುರಂಗಡಿಯ ಇಡ್ಲಿ ಮತ್ತು ಪರಿಮಳಮ್ಮನ ಮೌನ

ತಾಳವಾಡಿ ಬಸ್ ನಿಲ್ದಾಣದ ಮೇಲಿನ ಮಂಜು ಇನ್ನೂ ಕರಗಿಲ್ಲ. ಸತ್ಯಮಂಗಲಕ್ಕೆ ಇಳಿಯುವ ಮೊದಲ ಬಸ್ಸಿನ ಚಾಲಕ ಗಾಜು ಒರೆಸುತ್ತಿದ್ದಾನೆ. ಹುಣಸೆ ಮರದಡಿಯ ಗೂಡಂಗಡಿಯಲ್ಲಿ ಪರಿಮಳಮ್ಮ ಹಸಿ ಸೌದೆ ಊದಿ ಊದಿ ಒಲೆ ಹಚ್ಚುತ್ತಾರೆ, ಒದ್ದೆ ಬಟ್ಟೆಯ ಮೇಲೆ ಹಿಟ್ಟು ಹುಯ್ಯುತ್ತಾರೆ, ಮುಚ್ಚಳ ಮುಚ್ಚಿ ತಲೆ ಎತ್ತುತ್ತಾರೆ. ಎತ್ತಿದ ತಲೆ ರಸ್ತೆಯ ಆಚೆ ಬದಿಗೇ ತಿರುಗುತ್ತದೆ. ಅಲ್ಲಿರುವುದು ಸೆಲ್ವಿಯ ಇಡ್ಲಿ ಅಂಗಡಿ. ಅವಳದು ಗ್ಯಾಸ್ ಒಲೆ, ಎರಡು ಬಣ್ಣದ ಚಟ್ನಿ, ಕೂರಲು ಪ್ಲಾಸ್ಟಿಕ್ ಕುರ್ಚಿ.

"ಮೊದ್ಲು ಅವ್ಳ ತಾವು ಎಷ್ಟು ಜನ ಅವ್ರೆ ಅಂತ ನೋಡ್ತೀನಿ. ಆಮೇಲೆ ನನ್ ತಾವು. ಸುಳ್ಯಾಕೆ ಏಳ್ಲಿ?" ಎನ್ನುತ್ತಾರೆ ಪರಿಮಳಮ್ಮ.

ವಯಸ್ಸು ಐವತ್ತು ದಾಟಿದೆ. ಹರೆಯವೆಲ್ಲ ಪಣಕಹಳ್ಳಿಯಲ್ಲಿ ಪರರ ಆಲೂಗಡ್ಡೆ ಕಿತ್ತು, ಪರರ ಜೋಳ ಮುರಿದು ಕಳೆಯಿತು. ಮಂಡಿ ಬಗ್ಗದಂತಾದ ಮೇಲೆ ಇಲ್ಲಿ ಇಡ್ಲಿ ಒಲೆ ಹೂಡಿದರು. ಗಂಡ ಚಿಕ್ಕಮಾದ ಹಾಸಿಗೆ ಹಿಡಿದಾಗ ಚರ್ಚಿನ ಹೆಂಗಸರು ಸರದಿಯಲ್ಲಿ ಬಂದು ಗಂಜಿ ಕಾಯಿಸಿ ಕುಡಿಸಿದರು. ಆತ ತೀರಿಕೊಂಡ ವರ್ಷವೇ ಇವರು ದೀಕ್ಷಾಸ್ನಾನ ಪಡೆದರು. ಹೆಸರು ಬದಲಿಸಿಕೊಳ್ಳಲಿಲ್ಲ, ಬಾಯಿಯೂ ಬದಲಾಗಲಿಲ್ಲ. ಪರಿಮಳಮ್ಮ ಜಗಳಕ್ಕೆ ನಿಂತರೆ ಬಸ್ಸಿನ ಹಾರ್ನು ಕೇಳಿಸುತ್ತಿರಲಿಲ್ಲ ಎಂದು ಪಕ್ಕದ ಎಸ್‌ಟಿಡಿ ಬೂತಿನ ಮಾದು ಈಗಲೂ ನಗುತ್ತಾನೆ.

ಘಟ್ಟದ ಕೆಳಗಿನಿಂದ ಬಂದ ಸೆಲ್ವಿ ಎದುರಿಗೇ ಅಂಗಡಿ ಇಟ್ಟಳು. ನಗುನಗುತ್ತಾ ಮಾತಾಡುವ ಹೆಂಗಸು. ಚಾಲಕರು, ಕಂಡಕ್ಟರುಗಳು ಒಬ್ಬೊಬ್ಬರಾಗಿ ಆ ಕಡೆ ದಾಟಿದರು. ಪರಿಮಳಕ್ಕ ಹಳೆ ಹಿಟ್ಟು ಬೆರೆಸುತ್ತಾರೆ ಎಂದು ಅವಳು ಯಾರಿಗೋ ಹೇಳಿದ್ದು ಒಂದು ಬೆಳಿಗ್ಗೆ ಇವರ ಕಿವಿಗೆ ಬಿತ್ತು. ಪರಿಮಳಮ್ಮ ಸೌಟು ಹಿಡಿದೇ ಎದ್ದರು. ಬೆಂಚಿನ ಮೇಲೆ ಇಡ್ಲಿ ತಿನ್ನುತ್ತಿದ್ದವರು ಪುಟ್ಟಸ್ವಾಮಿ. ಚರ್ಚಿನಲ್ಲಿ ಬೈಬಲ್ ಪಾಠ ಹೇಳುವ ಈ ಹಿರಿಯರನ್ನು ಎಲ್ಲರೂ ಕರೆಯುವುದು ಉಪದೇಶಿ ಎಂದೇ. ಅವರು ಕೂತಲ್ಲಿಂದಲೇ ಕೇಳಿದರು:

"ಸುಳ್ಳು ತಪ್ಪು ಒರ್ಸಿ ಪಿಲಾತನ ಮುಂದೆ ವಿಚಾರಣೆಗೆ ನಿಲ್ಸುದಾಗ ನಮ್ ಸ್ವಾಮಿ ಏನಂದ್ರು ಪರಿಮಳಾ?"

"ಏನೂ ಅನ್ನಿಲ್ಲ."

"ಅಂಗಾರೆ ಕೂತ್ಕೊ. ನಿನ್ ಇಡ್ಲಿ ಎಂಗದೆ ಅಂತ ತಿಂದವ್ರು ಏಳ್ತಾರೆ."

ಕೂತರು. ಸೌಟನ್ನು ಹಿಟ್ಟಿನ ಪಾತ್ರೆಗೆ ಹಾಕಿದರು. ಆಮೇಲೂ ಸೆಲ್ವಿ ಏನಂದರೂ ತಿರುಗಿ ಅನ್ನಲಿಲ್ಲ. ಬಲು ತಾಳ್ಮೆಯ ಹೆಂಗಸು ಎಂದು ಬಸ್ ನಿಲ್ದಾಣವೇ ಮಾತಾಡಿಕೊಂಡಿತು. ಆ ಮಾತು ಪರಿಮಳಮ್ಮನಿಗೆ ರುಚಿಸಿತು.

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತು. ಗೆಟ್ಟವಾಡಿಯ ರುದ್ರಸ್ವಾಮಿ ಎಂಬವರು ಸೆಲ್ವಿಯ ಅಂಗಡಿಯ ಮುಂದೆ ವಾಂತಿ ಮಾಡಿಕೊಂಡು ಕುಸಿದುಬಿದ್ದರು. ಜನ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಹಿಂದೆಯೇ ಬಂದ ಅವರ ತಮ್ಮ ಬಸವರಾಜು, ಇಡ್ಲಿ ತಿಂದೇ ಹೀಗಾಯಿತೆಂದು ಸೆಲ್ವಿಯ ಹಿಟ್ಟನ್ನು ಚರಂಡಿಗೆ ಸುರಿದ, ಪಾತ್ರೆಗಳನ್ನು ಒದ್ದ. "ಅಣ್ಣಾ, ಅವ್ರು ಇಡ್ಲಿನೇ ತಿನ್ಲಿಲ್ಲ, ಕುಡಿಯಕ್ಕೆ ತಣ್ಣಿ ಕೇಳುದ್ರು ಅಷ್ಟೆ" ಎಂದು ಸೆಲ್ವಿ ಅತ್ತಳು. ಯಾರೂ ನಂಬಲಿಲ್ಲ.

ಅದು ನಿಜವೆಂದು ಬಲ್ಲವರು ಒಬ್ಬರಿದ್ದರು. ಬಸ್ಸಿನಿಂದ ಇಳಿದೊಡನೆ ರುದ್ರಸ್ವಾಮಿ ಹುಣಸೆ ಮರದ ಹಿಂದೆ ನಿಂತು ಕಕ್ಕಿದ್ದನ್ನು, ಬಾಯಿ ಒರೆಸಿಕೊಂಡು ನೀರಿಗಾಗಿ ರಸ್ತೆ ದಾಟಿದ್ದನ್ನು ಪರಿಮಳಮ್ಮ ನೋಡಿದ್ದರು.

"ನೀನು ಎದುರ್ಗೇ ಇದ್ದೆಯಲ್ಲಮ್ಮ, ಏನಾರ ಕಂಡ್ಯಾ?" ಎಂದು ಬಸವರಾಜು ಕೇಳಿದ.

ಪರಿಮಳಮ್ಮ ತಲೆ ತಗ್ಗಿಸಿ ತಟ್ಟೆ ತೊಳೆಯುತ್ತಾ ಕೂತರು. ತಾಳ್ಮೆಯವರು, ಜಗಳಕ್ಕೆ ಬರುವುದಿಲ್ಲ ಎಂದುಕೊಂಡು ಅವನು ಹೊರಟುಹೋದ.

ಆ ವಾರ ಎದುರಂಗಡಿ ತೆರೆಯಲಿಲ್ಲ. ಇತ್ತ ಕೂರಲು ಜಾಗವಿಲ್ಲ. ಭಾನುವಾರ ಚರ್ಚಿನ ಅಂಗಳದಲ್ಲಿ ಪರಿಮಳಮ್ಮ ತಾವಾಗಿಯೇ ಉಪದೇಶಿಯವರನ್ನು ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದರು. "ನಾನು ಬಾಯೇ ಬುಡ್ನಿಲ್ಲ. ಅವ್ಳು ನನ್ನ ಅಷ್ಟೊಂದು ಅಂದಿದ್ರೂವೆ" ಎಂದು ಸೇರಿಸಿದರು.

ಪುಟ್ಟಸ್ವಾಮಿ ಹೊಗಳಲಿಲ್ಲ. "ಸ್ವಾಮಿ ಸುಮ್ಕಿದ್ದುದ್ದು ತಮ್ ಮ್ಯಾಲೆ ತಪ್ಪು ಒರ್ಸುದಾಗ ಕಣವ್ವ. ಕಲ್ಲಲ್ಲಿ ಒಡ್ದು ಸಾಯ್ಸಕ್ಕೆ ಜನ ಒಬ್ಬ ಎಂಗ್ಸ್ನ ಎಳ್ಕಂಡು ಬಂದ್ರಲ್ಲ, ಆಗ ಸ್ವಾಮಿ ಬಾಯ್ಬುಟ್ಟು ಅವ್ಳ ಉಳುಸ್ಲಿಲ್ವಾ? ನೀನು ಯಾರ್ನ ಕಾಯಕ್ಕೆ ಬಾಯ್ ಮುಚ್ಕಂಡೆ?"

ಮನೆಯವರೆಗೂ ಪರಿಮಳಮ್ಮ ಉಪದೇಶಿಯನ್ನೇ ಬೈದುಕೊಂಡು ನಡೆದರು. ಒಂದು ಮಾತಾಡಿದರೆ ಸೆಲ್ವಿಯ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ, ಜನ ಮತ್ತೆ ರಸ್ತೆ ದಾಟುತ್ತಾರೆ.

ಆದರೂ ಮರುದಿನ ಬೆಳಿಗ್ಗೆ ಇಡ್ಲಿ ಹಾಕುವ ಮೊದಲೇ ಟೀ ಅಂಗಡಿಗೆ ಹೋಗಿ, ನಾಲ್ಕು ಜನರ ನಡುವೆ ಕೂತಿದ್ದ ಬಸವರಾಜುವಿನ ಮುಂದೆ ನಿಂತರು. "ನಿಮ್ಮಣ್ಣ ಬಸ್ಸಿಳ್ದಾಗ್ಲೇ ವಾಂತಿ ಮಾಡ್ಕಂಡ. ನನ್ ಅಂಗ್ಡಿ ಇಂದ್ಗಡೆ, ನಾನೇ ನೋಡ್ದೆ. ಸೆಲ್ವಿ ತಾವು ನೀರ್ ಕೇಳಕ್ ಓದ, ಅಷ್ಟೆಯ."

"ಅವತ್ತು ಕೇಳ್ದಾಗ ಏನಾಗಿತ್ತಮ್ಮ ನಿಂಗೆ?"

"ಒಟ್ಟೆಕಿಚ್ಚು."

ಯಾರೂ ನಗಲಿಲ್ಲ. ಚೇತರಿಸಿಕೊಂಡು ಬಂದ ರುದ್ರಸ್ವಾಮಿಯೂ, ತನಗೆ ಹಿಂದಿನ ದಿನದಿಂದಲೇ ಮೈ ಸರಿಯಿರಲಿಲ್ಲ ಎಂದರು. ಬಸವರಾಜು ಸೆಲ್ವಿಗೆ ಹೊಸ ಪಾತ್ರೆ ತಂದುಕೊಟ್ಟ. ಪರಿಮಳಮ್ಮನಿಗೆ ಮಾತ್ರ ತಾಳ್ಮೆಯ ಹೆಂಗಸೆಂಬ ಹೆಸರು ಅಲ್ಲಿಗೇ ಹೋಯಿತು.

ಸೆಲ್ವಿ ಕೈಮುಗಿಯಲು ಬರಲಿಲ್ಲ. ಅಂಗಡಿ ತೆರೆದ ದಿನ ರಸ್ತೆ ದಾಟಿ ಬಂದು, "ಯಾಕಕ್ಕಾ, ಬಾಯಿ ತೆಗೆಯಕ್ಕೆ ಇಷ್ಟು ದಿನ ಬೇಕಾಯ್ತಾ?" ಎಂದಷ್ಟೇ ಕೇಳಿ ನಿಂತಳು. ಹಳೆ ಹಿಟ್ಟಿನ ಮಾತು ಪರಿಮಳಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. "ಅದು ನನ್ ಮಾನದ್ ಮಾತು. ಅಲ್ ಸುಮ್ಕಿರ್ಬೋದು" ಎನ್ನುತ್ತಾರೆ ಈಗ.

ಬಸ್ಸು ಹೊರಡುವ ಹೊತ್ತು. ಅವಸರದಲ್ಲಿ ತಿನ್ನುತ್ತಿರುವ ಗಿರಾಕಿಯೊಬ್ಬ, ಎದುರಂಗಡಿಯ ಸಾಂಬಾರು ಇತ್ತೀಚೆಗೆ ನೀರಾಗಿದೆ ಎನ್ನುತ್ತಾನೆ. ಪರಿಮಳಮ್ಮ ಎಲೆಗೆ ಇನ್ನೊಂದು ಇಡ್ಲಿ ಹಾಕುತ್ತಾರೆ.

"ಅಂಗಂದ್ರೆ ಕೇಳಕ್ಕೆ ಬಲು ಸುಕವಾಯ್ತದೆ. ಅದ್ಕೇ ಬೇಗ ಬಡ್ಸಿ ಕಳುಸ್ಬುಡ್ತೀನಿ" ಎನ್ನುತ್ತಾರೆ ಅವನು ಹೋದ ಮೇಲೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಒಂದಿನಾರ ನನ್ ಪಾತ್ರೆ ಮೊದ್ಲು ಕಾಲಿಯಾಗ್ಬೇಕು. ಅವತ್ತು ಅವ್ಳ ಅಂಗ್ಡೀನೂ ತೆರ್ದಿರ್ಬೇಕು ಮತ್ತೆ. ಜನ ಇಬ್ರುನ್ನೂ ನೋಡಿ, ನನ್ ತಾವ್ಕೆ ಬರ್ಬೇಕು."